ಕಾಟಾ ಚೀಟಿ

ಸಂಡೂರಿನ ದಾರಿಯಲ್ಲಿ, ಅದಿರು ಲಾರಿ ತೂಗುವ ಕಾಟಾ ಮೇಲೆ
ಒಂದು ಬೆಳಿಗ್ಗೆ ಲಾರಿಯಿಲ್ಲದೆ ಬಂದು ನಿಂತ ಒಬ್ಬ ಮುದುಕ.
ಮೈತುಂಬ ಬಿಳಿ. ಹಣೆಯ ಮೇಲೆ ಕಡ್ಡಿಪೆಟ್ಟಿಗೆಯಷ್ಟು ಕರಿ ಟೊಪ್ಪಿಗೆ,
ಸೊಂಟಕ್ಕೆ ಶಂಖ, ಕೈಯಲ್ಲಿ ಆರು ಕಬ್ಬಿಣದ ಬಳೆ ತೊಟ್ಟ ಕೋಲು.
ದಾಸಯ್ಯನೆಂದುಕೊಂಡು ಚಿಲ್ಲರೆ ಹುಡುಕಿದೆ ನಾನು.

ಜಪಾನಿನವನಂತೆ. ಹೆಸರು ತಾಕೆಮುರ.
ಜೊತೆಗಿದ್ದ ಹೊಸಪೇಟೆಯ ಹುಡುಗ ಖಾದರ್‌ಬಾಷ
ಅವನ ಮಾತನ್ನು ಅರ್ಧ ಹಿಡಿದು, ಅರ್ಧ ಊಹಿಸಿ ಸುರಿದ:
"ಬೆಟ್ಟ ಹತ್ತಾಕ ಮುಂಚೆ ಒಮ್ಮೆ, ಇಳಿದ ಮೇಲೆ ಒಮ್ಮೆ
ತನ್ನನ್ನ ತೂಗಬೇಕಂತ್ರಿ ಮೇಡಂ."
ನಮ್ಮ ಕಾಟಾ ಇಪ್ಪತ್ತು ಕಿಲೋಗಿಂತ ಸಣ್ಣದನ್ನು
ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದೆ.
ನಕ್ಕ. ಪಾಪವೂ ಹಾಗೇ ಅಂದನಂತೆ.

ಅರವತ್ತು ಅಂತ ಬರೆದುಕೊಟ್ಟೆ.

ನಲವತ್ತು ವರ್ಷ ವಕಯಾಮಾದ ಕುಲುಮೆಯೆದುರು ನಿಂತವನು,
ಮರ್ಮಗೋವಾದಿಂದ ಹಡಗೇರಿ ಬಂದ ನಮ್ಮ ಕೆಂಪು ಮಣ್ಣನ್ನು
ನೀರಿನ ಹಾಗೆ ಕರಗಿಸಿದವನು. ರಜೆ ಸಿಕ್ಕರೆ
ಓಮಿನೆ ಎಂಬ ಬೆಟ್ಟಕ್ಕೆ ಓಡುವವನು. ಅಲ್ಲಿ
ಬಂಡೆಯ ತುದಿಗೆ ಹೊಸಬನ ಕಾಲು ಹಿಡಿದು ತಲೆಕೆಳಗು ಇಳಿಬಿಟ್ಟು
"ಮಾಡಿದ್ದು ಒಪ್ಪಿಕೋ" ಅನ್ನುತ್ತಾರಂತೆ.
ಬಿಳಿ ಬಟ್ಟೆ ಹೆಣದ ಬಟ್ಟೆ:
ಬೆಟ್ಟ ಹೊಕ್ಕವನು ಸತ್ತ ಹಾಗೆ,
ಬೆಟ್ಟವೇ ಬಸಿರು, ಇಳಿದು ಬಂದವನು ಆಗ ಹುಟ್ಟಿದ ಕೂಸು.

ಹೆಂಗಸರು? ಎಂದೆ.
ಮುದುಕ ಕೋಲಿನ ಬಳೆಗಳನ್ನು ಮುಷ್ಟಿಯಲ್ಲಿ ಹಿಡಿದು ಸದ್ದು ನಿಲ್ಲಿಸಿದ.
ದಾರಿಯಲ್ಲೊಂದು ಕಲ್ಲು ಕಂಬ. ಅಲ್ಲಿಂದ ಮುಂದೆ ಇಲ್ಲ.
ಬುತ್ತಿ ಹೊತ್ತು ಅವನ ಮಗಳು ಅಲ್ಲಿಯವರೆಗೆ ಬಂದಿದ್ದಳು,
ಹನ್ನೊಂದು ಸಲ.

ಆಗ ನಾನೂ ಹೇಳಿದೆ ಗಾಳೆಮ್ಮಜ್ಜಿಯ ಕತೆ.
ಹಡೆದವ್ವನ ಮೇಲೆ ಮುನಿದು, ಕುಡಿದ ಹಾಲನ್ನೆಲ್ಲ ಕಾರಿ
ಬೆಟ್ಟ ಸೇರಿದ ದೇವರು ನಮ್ಮ ಕುಮಾರಸ್ವಾಮಿ,
ಬೆಟ್ಟದಲ್ಲಿ ಸಿಗುವ ಬಿಳಿ ವಿಭೂತಿ ಆ ಹಾಲೇ ಅನ್ನುತ್ತಾರೆ.
ಅಜ್ಜಿ ವಿಭೂತಿ ಹಚ್ಚಿಕೊಂಡವಳು, ದೇವರನ್ನು ನೋಡಿದವಳಲ್ಲ.
"ನಮ್ಮನ್ನ ಒಳಗ ಬಿಡಂಗಿಲ್ಲ ಬೇ. ಮಣ್ಣು ಹೊರಾಕ ಬಿಡ್ತಾರ."
ತಾತ ಗುಡಿಗೆ ಹೋದಾಗ ಕಮರದ ಮರದಡಿ ಕೂತು
ಅವನ ಚಪ್ಪಲಿ ಕಾದವಳು.
ಗಣಿಯಲ್ಲಿ ಹೊತ್ತ ಪುಟ್ಟಿಗೆ ಲೆಕ್ಕವಿಲ್ಲ. ಸಾಯುವ ವರ್ಷ
ಕೆಮ್ಮಿದರೆ ಸೆರಗಿನ ತುಂಬ ಬೆಟ್ಟ.

ಅವನು ಹತ್ತಿದ. ಹೆಜ್ಜೆಗೊಮ್ಮೆ
ಕಣ್ಣು ತೊಳೆಯಲಿ, ಕಿವಿ ತೊಳೆಯಲಿ, ಮೂಗು ನಾಲಿಗೆ ಮೈ
ಮನಸ್ಸು ತೊಳೆಯಲಿ ಎಂದು ಅವನ ಭಾಷೆಯಲ್ಲಿ ಕೂಗುತ್ತ,
ಆರರಲ್ಲೂ ಧೂಳು ತುಂಬಿಕೊಳ್ಳುತ್ತ.
ತಿರುವಿನಲ್ಲಿ ಶಂಖ ಊದಿದನಂತೆ:
ಬ್ಲಾಸ್ಟಿಂಗ್ ಸೈರನ್ನೆಂದು ಮಂದಿ ಲಾರಿಯಡಿ ನುಗ್ಗಿ
ಕಿವಿ ಮುಚ್ಚಿ ಕೂತರು. ಸಿಡಿಯಲಿಲ್ಲ ಏನೂ.
ಆಮೇಲೆ ಬೈದರು.

ಸಂಜೆ ಬಂದ. ಬಿಳಿ ಅನ್ನುವುದು ಕಂಕುಳಲ್ಲಿ ಮಾತ್ರ ಉಳಿದಿತ್ತು;
ಮಿಕ್ಕಿದ್ದೆಲ್ಲ ಈಗಷ್ಟೇ ಹೆತ್ತ ಕೂಸಿನ ಬಣ್ಣ.
ಕೋಲಿನಲ್ಲಿ ಐದೇ ಬಳೆ.
ಗುಡಿಯಲ್ಲಿಟ್ಟಿರಾ? ಎಂದೆ.
ಇಲ್ಲ. ಕಮರದ ಬೇರಿನ ಸಂದಿಯಲ್ಲಿ.

ಓಮಿನೆಯ ಬಂಡೆಗೊಂದು ಸರಪಳಿ ಇದೆಯಂತೆ,
ಅದನ್ನು ಹಿಡಿದೇ ಗಂಡಸರು ಮೇಲೇರುವುದು.
ಯಾವ ಮಣ್ಣಿನ ಕಬ್ಬಿಣವೋ, ಕುಲುಮೆಯವನೂ ಹೇಳಲಾರ.
ನನಗನಿಸುತ್ತದೆ: ಗಾಳೆಮ್ಮಜ್ಜಿ ಕಂಬ ದಾಟಿದ್ದಾಳೆ ಅಲ್ಲಿ,
ಯಾರನ್ನೂ ಕೇಳದೆ.
ಚಳಿಯಲ್ಲಿ ಬಂಡೆಗೆ ಜೋತು, ಒಬ್ಬೊಬ್ಬನನ್ನೇ ಎತ್ತುತ್ತ.
ಅಲ್ಲಿಯೂ ಹೊರುವುದು ತಪ್ಪಲಿಲ್ಲ ಅವಳಿಗೆ.

ಮತ್ತೆ ತೂಗಿದೆ. ಅದೇ ಅರವತ್ತು.
ಎರಡು ಚೀಟಿಯನ್ನೂ ಮಡಚಿ ಶಂಖದೊಳಗೆ ತುರುಕಿ ಕೈಮುಗಿದ.
ಹಿಂದೆ ಹನ್ನೆರಡು ಚಕ್ರದ್ದೊಂದು ಹಾರ್ನು ಹೊಡೆಯುತ್ತಿತ್ತು.

ಅವನು ಇಳಿದ ಮೇಲೂ ಕಾಟಾ ಸೊನ್ನೆಗೆ ಬರಲಿಲ್ಲ.
ಧೂಳು ಕೂತರೆ ಹಾಗಾಗುತ್ತದೆ.
ಪೊರಕೆ ತಂದೆ, ಗುಡಿಸಿದೆ.